ಬಲಗಡೆ ಬೋಲ್ಟಿನ ರೈಫಲ್

ಅಪ್ಪ,

ಲೈಸೆನ್ಸಿಗೆ ಅಂತ ಚಾಮರಾಜನಗರದ ಡಿ.ಸಿ. ಆಫೀಸಿಗೆ ಎರಡು ವರ್ಷ ಅಲೆದೂ ಅಲೆದೂ ಕೊನೆಗೂ ಅದು ಸಿಕ್ತು. ಇವತ್ತು ಗುಂಡ್ಲುಪೇಟೆಯಿಂದ ಮೊದಲನೇ ಬಸ್ಸಿಗೇ ಮೈಸೂರಿನ ಬಂದೂಕಿನ ಅಂಗಡಿಗೆ ಹೋಗಿದ್ದೆ. ಗುರಿ ಹೊಡೆಯೋ ಸ್ಪರ್ಧೆಗೆ ಒಂದು ಬೋಲ್ಟ್ ರೈಫಲ್ ಬೇಕಿತ್ತು. ನನ್ನ ಕೈಗೆಟುಕೋ ಬೆಲೆಗೆ ಸಿಕ್ಕಿದ್ದೇ ಮೂರು. ಮೂರಕ್ಕೂ ಬೋಲ್ಟ್ ಬಲಗಡೆ! ಒಂದೊಂದು ಗುಂಡಿಗೂ ಟ್ರಿಗರ್ ಒತ್ತೋ ಕೈಲೇ ಆ ಹಿಡೀನ ಎತ್ತಿ ಹಿಂದಕ್ಕೆ ಎಳೀಬೇಕು. ನನ್ನಂಥ ಎಡಚಿ ಏನು ಮಾಡಬೇಕು? ಎಡಗಡೆಯದು ಬೇಕಂದ್ರೆ ಹೊರದೇಶದಿಂದ ತರಿಸಬೇಕಂತೆ, ಬೆಲೆ ಕೇಳೋ ಹಾಗೇ ಇಲ್ಲ.

"ಬಲಗೈಲೇ ರೂಢಿ ಮಾಡ್ಕೊಳಮ್ಮ," ಅಂದ ಅಂಗಡಿಯವ.

ಮೈಯೆಲ್ಲ ಉರಿದೋಯ್ತು. ಥೇಟ್ ನಿನ್ನ ಮಾತು. "ಬಲಗೈ ಕಣಮ್ಮಿ!" ಅಂತ ಊಟಕ್ಕೆ ಕೂತಾಗೆಲ್ಲ ನನ್ನ ಎಡಗೈ ಮೇಲೆ ಸೌಟಲ್ಲಿ ಬಾರಿಸ್ತಿದ್ದೆಯಲ್ಲ.

ಅವನ ಜೊತೆ ಜಗಳ ಆಡ್ಕೊಂಡೇ ಒಂದನ್ನ ಮೇಜಿನ ಮೇಲೆ ಮರಳು ಚೀಲಕ್ಕೆ ಒರಗಿಸಿ, ಎಡ ಭುಜಕ್ಕೆ ಆನಿಸಿ ನೋಡಿದೆ. ಎಡಗೈ ಟ್ರಿಗರ್ ಬಿಡಲೇ ಇಲ್ಲ. ಬಲಗೈ ತಾನಾಗೇ ಹೋಗಿ ಬೋಲ್ಟ್ ಎಳೀತು. ಅಂಗಡಿಯವ ಬಿಲ್ ಪುಸ್ತಕ ತೆಗೆದ. ಅದನ್ನೇ ತಗೊಂಡೆ. ಆದ್ರೂ ಸಿಟ್ಟು ಇಳೀಲಿಲ್ಲ. ಆ ಬಲಗೈ ಪಳಗಿಸಿದ ನೀನೇ ಗೆದ್ದೆ ಅನ್ನಿಸ್ತು.

ವಾಪಸ್ ಬರೋವಾಗ ಬಸ್ಸಲ್ಲಿ ನೆನಪಾಯ್ತು. ನೀನು ತೀರಿಹೋಗೋಕೆ ಮುಂಚೆ, ಲಕ್ವ ಹೊಡೆದು ನಿನ್ನ ಬಲಗೈ ಬಿದ್ದೋದಾಗ, ಎಡಗೈಲಿ ಉಣ್ಣಲಾರೆ ಅಂತ ನೀನು ತಟ್ಟೆ ತಳ್ಳಿದ್ದೆ. ಆವತ್ತು ನಾನು ಬೇಕಂತಲೇ ನಿನ್ನ ಎದುರಿಗೇ ಕೂತು, ನೀನು ಕಲಿಸಿದ ಹಾಗೇ ಬಲಗೈಲಿ, ಒಂದಗುಳೂ ಚೆಲ್ಲದೆ ಉಂಡೆದ್ದೆ.