ಬೇಸಿಗೆಗೆ ಇಳಿಸಬೇಕಿದ್ದ ವೋಲ್ಟೇಜ್

ಮೇಲೂರು, ಶಿಡ್ಲಘಟ್ಟ ತಾಲ್ಲೂಕು
೧೧ ಏಪ್ರಿಲ್ ೨೦೨೫

ಉದಯನ ಅಪ್ಪನಿಗೆ ವರಲಕ್ಷ್ಮಿಯ ನಮಸ್ಕಾರಗಳು.

ಹೇಗಿದ್ದೀರಿ? ರೇಷ್ಮೆಗೂಡು ಬೇಯಿಸುವ ಬಿಸಿನೀರಿನಲ್ಲಿ ಕೈಯಾಡಿಸಿ ಬೆರಳ ಸಂದು ಸುಲಿದಿರುತ್ತದೆ, ಗೊತ್ತು. ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಹೇಳಿದ್ದನ್ನು ಕೇಳುವ ಅಭ್ಯಾಸ ನಿಮಗಿಲ್ಲ, ಆದರೂ ಹೇಳುವುದು ನನ್ನ ಅಭ್ಯಾಸ. ಅತ್ತೆಯ ಮಂಡಿನೋವು ಇದ್ದ ಹಾಗೇ ಇದೆ. ಸಂಜೆಯಾದರೆ ಜಗಲಿಯಲ್ಲಿ ಕೂತು “ನಾ ಕೊಡುಕು ಎಪ್ಪುಡೊಸ್ತಾಡೇ?” ಎಂದು ನೀವು ಬರುವ ದಿನವನ್ನು ನನ್ನನ್ನೇ ಕೇಳುತ್ತಾರೆ, ಅವರ ಮಗನನ್ನು ನಾನೇ ಎಲ್ಲೋ ಬಚ್ಚಿಟ್ಟಿರುವ ಹಾಗೆ. ಸಾವಾದ ಮನೆ ಅಂತ ಯುಗಾದಿ ಮಾಡಲಿಲ್ಲ. ಪಕ್ಕದ ಮನೆಯವರು ಒಬ್ಬಟ್ಟು ತಂದುಕೊಟ್ಟರು.

ಫೋನಿನಲ್ಲಿ ಉದಯನ ಮಾತು ಎತ್ತಿದರೆ “ಆಮೇಲೆ ಮಾತಾಡಣ” ಅಂತ ಕಟ್ ಮಾಡುತ್ತೀರಿ. ಅದಕ್ಕೇ ಈ ಕಾಗದ. ರಾಮನಗರದ ಮಾರ್ಕೆಟ್ಟಿಗೆ ಗೂಡು ಒಯ್ಯುತ್ತಿರುವ ರಾಮಾಂಜಿನಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಕಾಗದವನ್ನು ಕಟ್ ಮಾಡಲಾಗುವುದಿಲ್ಲವಲ್ಲ, ಪೂರ್ತಿ ಓದಿ.

ಮಾತು ಉದಯನ ಕಂಪ್ಯೂಟರಿನದು. ಅವನ ತಿಥಿ ಮುಗಿದ ಮಾರನೆಯ ದಿನ ನೀವು ರಾಮನಗರದ ನೂಲು ಬಿಚ್ಚುವ ಕೆಲಸಕ್ಕೆ ಹೊರಟಾಗ ಬಾಗಿಲಲ್ಲಿ ನಿಂತು, “ಅವ್ನು ಹೆಂಗೆ ಬಿಟ್ಟೋದ್ನೋ ಹಂಗೇ ಇರ್ಲಿ, ಯಾರೂ ಏನೂ ಬದಲಾಯಿಸ್ಬ್ಯಾಡ್ರಿ” ಎಂದಿರಿ. ಬದಲಾಯಿಸಲಿಲ್ಲ. ದಿನಾ ಧೂಳು ಒರೆಸಿ, ಒಂದು ಸಲ ಆನ್ ಮಾಡಿ, ಸ್ಟುಡಿಯೊದವರಿಗೆಂದು ಅವನು ಜೋಡಿಸುತ್ತಿದ್ದ ಮದುವೆ ವೀಡಿಯೊ ಓಡಿಸಿ ನೋಡುತ್ತಿದ್ದೆ. ಯಾರದೋ ಧಾರೆ, ಯಾರದೋ ಮನೆಯ ಅಳು. ಬೈಕು ಲಾರಿಗೆ ತಗಲಿದ ದಿನದ ಬೆಳಗ್ಗೆಯೂ ಅವನು ಅದರ ಮುಂದೆ ಕೂತಿದ್ದನಲ್ಲ, ನನಗೆ ಅಷ್ಟು ಸಾಕಿತ್ತು. ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಅದು ನಡುವೆಯೇ ಕೈಕೊಡತೊಡಗಿತು. ಫ್ಯಾನು ಹೋ ಎಂದು ಕೂಗುವುದು, ತೆರೆಯ ಮೇಲೆ ಬಣ್ಣದ ಚುಕ್ಕೆ ಏಳುವುದು, ಹಾಗೇ ಕಪ್ಪಗಾಗುವುದು.

ನನಗೆ ಗೊತ್ತಿರುವುದು ಹುಳು ಮನೆ. ಬೇಸಿಗೆಯಲ್ಲಿ ಹುಳು ಮನೆಯ ಕಿಟಕಿಗೆ ಏನು ಕಟ್ಟುತ್ತೇವೋ ಅದನ್ನೇ ಕಟ್ಟಿದೆ. ಗೋಣಿತಾಟು ಒದ್ದೆ ಮಾಡಿ ಕಂಪ್ಯೂಟರಿನ ಸುತ್ತ ಬಿಗಿದುಬಿಟ್ಟೆ. ಚಿಂತಾಮಣಿಯಿಂದ ಕಾಲೇಜು ಮುಗಿಸಿ ಬಂದ ಬಿಂದು ನೋಡಿ ಕಿರುಚಿಕೊಂಡಳು. “ಅಮ್ಮಾ, ಇದೇನು ರೇಷ್ಮೆ ಹುಳಾನಾ? ಕರೆಂಟಮ್ಮ ಇದು, ಸತ್ತೋಗ್ತೀಯ!” ಎಂದವಳು ಆ ಕೊನೆಯ ಮಾತಿಗೆ ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡಳು. ನಮ್ಮ ಮನೆಯಲ್ಲೀಗ ಸಲೀಸಾಗಿ ಬೈಯುವುದಕ್ಕೂ ಆಗುವುದಿಲ್ಲ ನೋಡಿ.

ಆಮೇಲೆ ನನಗೆ ತಿಳಿದದ್ದು ಇಷ್ಟು. ಒಳಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಅಂತ ಒಂದಿದೆ. ವೀಡಿಯೊ ಬೇಗ ಮುಗಿಯಲಿ ಅಂತ ಉದಯ ಅದರ ವೇಗವನ್ನು ಕಂಪನಿಯವರು ಇಟ್ಟಿದ್ದಕ್ಕಿಂತ ಏರಿಸಿದ್ದ. ಆ ವೇಗ ತಡೆದುಕೊಳ್ಳಲಿ ಅಂತ ವೋಲ್ಟೇಜೂ ಏರಿಸಿದ್ದ. ವೋಲ್ಟೇಜ್ ಏರಿದರೆ ಕಾವೂ ಏರುತ್ತದೆ. ಧನುರ್ಮಾಸದ ಚಳಿಯಲ್ಲಿ ಇಟ್ಟ ಲೆಕ್ಕ ಅದು. ಆಗಲೇ ಅವನು ಕೈ ಉಜ್ಜಿಕೊಳ್ಳುತ್ತಾ ನನಗೆ ಹೇಳಿದ್ದ, “ಚಳಿ ಇರೋಗಂಟ ಇದು ನಡೀತದಮ್ಮ, ಬ್ಯಾಸಿಗೆಗೆ ಇಳಿಸ್ತೀನಿ.” ಬೇಸಿಗೆಯೇನೋ ಬಂತು. ನಾನು ಆ ಕೋಣೆಯಲ್ಲಿ ಕೂತು ಬಹಳ ಅತ್ತೆ.

ಹಾಗೇ ಬಿಟ್ಟಿದ್ದರೆ ಕಾರ್ಡ್ ಸುಟ್ಟುಹೋಗುತ್ತಿತ್ತು. ಅವನು ಇಟ್ಟ ಅಂಕಿ ಉಳಿಯಬೇಕೋ, ಅವನು ಕೂತು ಕೆಲಸ ಮಾಡಿದ ಮೆಷಿನ್ನು ಉಳಿಯಬೇಕೋ ಎಂದು ಒದ್ದಾಡಿ ಕೊನೆಗೆ ಇಳಿಸಿದೆವು. ನಿಮ್ಮ ಮಾತು ಮೀರಿದ್ದು ನಿಜ. ಒಂದೇ ಸಲಕ್ಕೆ ಇಳಿಸಲಿಲ್ಲ. ವೋಲ್ಟೇಜ್ ಮಾತ್ರ ಇಳಿಸಿದರೆ ಆ ವೇಗಕ್ಕೆ ಸಾಲದೆ ನಿಂತುಬಿಡುತ್ತದಂತೆ. ಮೊದಲು ವೇಗ ತುಸು, ಆಮೇಲೆ ವೋಲ್ಟೇಜ್ ತುಸು, ಓಡಿಸಿ ನೋಡಿ ಮತ್ತೆ ತುಸು. ಪೊರೆ ಬಿಟ್ಟು ಎದ್ದ ಹುಳುವಿಗೆ ಸೊಪ್ಪನ್ನು ನೋಡಿ ನೋಡಿ ಹಾಕುತ್ತೇವಲ್ಲ, ಹಾಗೆ. ಅಂಕಿ ಕೆಳಗೆ ಬಂದಾಗಲೆಲ್ಲ ಮಗನ ಕೈಯಲ್ಲಿದ್ದದ್ದನ್ನು ಕಸಿದುಕೊಂಡಂತೆ ಅನಿಸಿತು. ಈಗ ವೀಡಿಯೊ ನಿಲ್ಲದೆ ಓಡುತ್ತದೆ, ಸ್ವಲ್ಪ ನಿಧಾನ. ಬಿಂದು ಕಾಲೇಜಿನ ಪ್ರಾಜೆಕ್ಟನ್ನೂ ಅದರಲ್ಲೇ ಮಾಡಲಿ ಅಂತ ನನ್ನ ಆಸೆ.

ಅಲ್ಲಿ ನಿಮಗೆ ನಿದ್ದೆ ಬರುತ್ತಿದ್ದರೆ ಅಲ್ಲೇ ಇರಿ, ಬೇಡವೆನ್ನುವುದಿಲ್ಲ. ಬರುತ್ತಿಲ್ಲ ಅಂತಾದರೆ ಆ ಬಾರದ ನಿದ್ದೆಯನ್ನು ಇಲ್ಲೇ ಬಂದು ಕಾಯಿರಿ, ಜೊತೆಗೆ ನಾವೂ ಎಚ್ಚರವಾಗಿರುತ್ತೇವೆ. ಹೊತ್ತಿಗೆ ಸರಿಯಾಗಿ ಉಣ್ಣಿ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ಬೈಗುಳವನ್ನೂ.

ನಿಮ್ಮ
ವರಲಕ್ಷ್ಮಿ

ಇನ್ನೊಂದು ಮಾತು: ರಾಮಾಂಜಿನಪ್ಪ ಟೆಂಪೊ ಸ್ಟಾರ್ಟ್ ಮಾಡಿ ಹಾರನ್ ಒತ್ತುತ್ತಿದ್ದಾನೆ. ಮೇಲೆ “ಇಳಿಸಿದೆವು” ಎಂದು ಬರೆದೆ. ನಾನು ಸುಮ್ಮನೆ ಪಕ್ಕದಲ್ಲಿ ಕೂತಿದ್ದೆ, ಇಳಿಸಿದ್ದೆಲ್ಲ ಬಿಂದುವೇ. ಅಣ್ಣನ ಬೆನ್ನ ಹಿಂದೆ ನಿಂತು ನೋಡಿ ಕಲಿತಿದ್ದಳಂತೆ, ನಮಗಿಬ್ಬರಿಗೂ ಗೊತ್ತೇ ಇರಲಿಲ್ಲ. ಬೈಗುಳ ನನಗೇ ಬರಲಿ, ನಿನ್ನ ಹೆಸರು ಬರೆಯುವುದಿಲ್ಲ ಎಂದು ಅವಳಿಗೆ ಹೇಳಿದೆ. “ಹೆಸರು ಬರಿ ಅಮ್ಮ, ಬೈಯೋಕಾದ್ರೂ ಅಪ್ಪ ನನ್ನ ಕರೀತಾರೆ” ಅಂದಳು. ಉದಯ ಹೋದ ಮೇಲೆ ನೀವು ಅವಳ ಹತ್ತಿರ ಒಂದು ಮಾತೂ ಆಡಿಲ್ಲ. ಭಾನುವಾರ ಫೋನ್ ಮಾಡಿದಾಗ ಅವಳ ಕೈಗೆ ಕೊಡು ಅನ್ನಿ. ಬೈಯುವುದಾದರೆ ಬೈಯಿರಿ.