ಅಪ್ಪನ ಗಡ್ಡಕ್ಕೊಂದು ಕತ್ತಿ

೧೧ ಜನವರಿ ೧೯೩೯, ಬುಧವಾರ

ಇವತ್ತೂ ಕ್ಷೌರದ ನರಸಿಂಹಪ್ಪ ಬರಲಿಲ್ಲ. ಬರುವುದಿಲ್ಲ ಎಂದು ಅಪ್ಪನಿಗೆ ಗೊತ್ತು. ಆದರೂ ಬೆಳಿಗ್ಗೆ ಹೆಗಲ ಮೇಲೆ ಟವಲ್ಲು ಹಾಕಿಕೊಂಡು ಹಿತ್ತಲಲ್ಲಿ ಕೂತಿದ್ದರು. ಬಿಸಿಲೇರಿದ ಮೇಲೆ ಎದ್ದು ಒಳಗೆ ಬಂದರು. ನನ್ನ ಕಡೆ ನೋಡಲಿಲ್ಲ.

ಹೋದ ತಿಂಗಳು ಹರಿಜನ ಕೇರಿಯ ಮುನಿಯಲ್ಲಪ್ಪನ ಮನೆಯಲ್ಲಿ ಮುದ್ದೆ, ಹುರುಳಿ ಸಾರು ಉಂಡು ಬಂದೆ. ಕದ್ದುಮುಚ್ಚಿ ಅಲ್ಲ — ಹಾಡಹಗಲು, ಬಾಗಿಲು ತೆಗೆದಿಟ್ಟುಕೊಂಡು. ಮಾರನೆಯ ದಿನವೇ ಊರ ಯಜಮಾನ ಅಶ್ವತ್ಥಪ್ಪ ಕಟ್ಟೆಯ ಮೇಲೆ ಪಂಚಾಯ್ತಿ ಸೇರಿಸಿ ಕಟ್ಟು ಹಾಕಿದ. ದೊಡ್ಡವೆಂಕಟಪ್ಪನ ಮನೆಗೆ, ಅಂದರೆ ನಮ್ಮಪ್ಪನ ಮನೆಗೆ, ಕ್ಷೌರಿಕ ಹೋಗಕೂಡದು, ಅಗಸ ಹೋಗಕೂಡದು. ತಪ್ಪು ಒಪ್ಪಿಕೊಳ್ಳುವವರೆಗೆ.

ನನಗೆ ಖುಷಿಯೇ ಆಗಿತ್ತು. ಬಹಿಷ್ಕಾರವೆಂದರೆ ಎದೆಯ ಮೇಲಿನ ಪದಕ ಎಂದು ಕರಪತ್ರದಲ್ಲಿ ಓದಿದ್ದೆ. ಬಟ್ಟೆ ನಾನೇ ಒಗೆದೆ. ಒಗೆಯುತ್ತ ಹಾಡೂ ಹೇಳಿದೆ. ಗಡ್ಡದ ವಿಚಾರ ಹೊಳೆದೇ ಇರಲಿಲ್ಲ. ನನ್ನದು ಬೆಳೆದಷ್ಟು ಬೆಳೆಯಲಿ. ಆದರೆ ಅಪ್ಪನ ಮುಖದ ಮೇಲೆ ಬೆಳ್ಳಗೆ, ಜೋಳದ ಕೂಳೆಯ ಹಾಗೆ... ಪದಕ ನನಗೆ, ಗಡ್ಡ ಅವರಿಗೆ.

ಮಾತು ನಿಲ್ಲಿಸಿದ್ದಾರೆ. ಬೈದಿದ್ದರೆ ವಾದ ಮಾಡಬಹುದಿತ್ತು.

೧೬ ಜನವರಿ, ಸೋಮವಾರ

ನಿನ್ನೆ ಅಪ್ಪನನ್ನು ಶ್ರೀನಿವಾಸಪುರಕ್ಕೆ ಕರೆದುಕೊಂಡು ಹೋದೆ. ಪೇಟೆಯಲ್ಲಿ ಯಾರ ಕಟ್ಟು ಯಾರು ಕೇಳುತ್ತಾರೆ ಎಂದುಕೊಂಡಿದ್ದೆ. ಕ್ಷೌರದ ಅಂಗಡಿಯವನು ಅಪ್ಪನ ಕೊರಳಿಗೆ ಬಟ್ಟೆ ಸುತ್ತಿ, ನೀರು ಹಚ್ಚಿ, ಆಮೇಲೆ ಕೇಳಿದ: "ಯಾವೂರು ಗೌಡ್ರೇ?"

ಅಪ್ಪ ಹೇಳಿದರು. ಅವರಿಗೆ ಸುಳ್ಳು ಹೇಳಿ ಗೊತ್ತಿಲ್ಲ.

ಅವನು ನರಸಿಂಹಪ್ಪನ ಬಾಮೈದನಂತೆ. ಕೊರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದ. "ಬೇಜಾರು ಮಾಡ್ಕೋಬೇಡಿ. ನಾನು ನಿಮ್ಮನ್ನ ಮುಟ್ಟಿದ್ರೆ ಅಲ್ಲಿ ನಮ್ಮ ಬಾವನಿಗೆ ಸುಗ್ಗೀಲಿ ಕೊಡೋ ಕಾಳು ನಿಲ್ಲಿಸ್ತಾರೆ."

ಅಪ್ಪ ಒದ್ದೆ ಮುಖದಲ್ಲೇ ಎದ್ದರು. ಬಸ್ಸಿನಲ್ಲಿ ಟವಲ್ಲನ್ನು ಮುಖಕ್ಕೆ ಸುತ್ತಿಕೊಂಡು ಕೂತಿದ್ದರು. ಮನೆಗೆ ಬಂದವರು ಹೊಸ್ತಿಲು ದಾಟಿಲ್ಲ. ತೋಟದಲ್ಲಿ ಮಾವು ಹೂ ಬಿಟ್ಟಿದೆ, ನೋಡುವುದಕ್ಕೂ ಹೋಗಿಲ್ಲ.

ಸಂಜೆ ಮುಳಬಾಗಿಲಿನಿಂದ ಸುದ್ದಿ ಬಂತು. ಶಾಮಲಕ್ಕನನ್ನು ಹುಣ್ಣಿಮೆಯೊಳಗೆ ಹೆರಿಗೆಗೆ ಕರೆತರಬೇಕು. ಚೊಚ್ಚಲು. ಅಪ್ಪನೇ ಹೋಗಿ ಕರೆಯಬೇಕು, ಬೀಗರು ಬೇರೆಯವರ ಜೊತೆ ಕಳಿಸುವುದಿಲ್ಲ.

"ಈ ಮುಖ ಇಟ್ಕೊಂಡು ಬೀಗರ ಬಾಗಿಲಿಗೆ ಹೋಗಲ್ಲ," ಅಂದರು ಅಪ್ಪ. ಅಮ್ಮನಿಗೆ ಹೇಳಿದ್ದು. ನನಗೆ ಕೇಳಲಿ ಅಂತ.

ಅಮ್ಮ ಅಡುಗೆ ಒಲೆಯ ಮುಂದೆ ನನ್ನ ತೋಳು ಹಿಡಿದುಕೊಂಡಳು. "ಒಂದು ಕಾಯಿ ಒಡೆದು ತಪ್ಪಾಯ್ತು ಅನ್ನೋ, ಸೀನ. ನಿನ್ನ ಬಾಯಿ ಸವೆಯುತ್ತಾ?"

ಹೇಳುವುದಿಲ್ಲ. ಉಂಡದ್ದು ತಪ್ಪಲ್ಲ. ಆದರೆ ಅಕ್ಕ?

೧೮ ಜನವರಿ

ಮುನಿಯಲ್ಲಪ್ಪ ತೋಟದ ಬದುವಿನ ಹತ್ತಿರ ಸಿಕ್ಕಿದ. ನಡೆದದ್ದೆಲ್ಲ ಹೇಳಿಕೊಂಡೆ, ಸ್ವಲ್ಪ ಭಾಷಣದ ಧಾಟಿಯಲ್ಲೇ. ಕೇಳಿ ನಕ್ಕ.

"ನಮ್ಮ ಕೇರಿಗೆ ನರಸಿಂಹಪ್ಪ ಯಾವತ್ತು ಬಂದಿದ್ದ ಸಾಮಿ? ಮಗ ಅಪ್ಪಂಗೆ ತೆಗೀತಾನೆ, ತಮ್ಮ ಅಣ್ಣಂಗೆ ತೆಗೀತಾನೆ. ನಿಮ್ಮಪ್ಪಂಗೂ ಮಗ ಅವ್ನೆ ಅಲ್ವಾ."

ದಾರಿಯುದ್ದಕ್ಕೂ ಅದೇ ಮಾತು. ಅಲ್ಲಿ ಕೂತು ಮುದ್ದೆ ಮುರಿದೆನೇ ಹೊರತು ಅವರ ಗಡ್ಡ ಯಾರು ತೆಗೆಯುತ್ತಾರೆ ಎಂದು ಒಮ್ಮೆಯೂ ಕೇಳಿರಲಿಲ್ಲ. ನಮ್ಮದು ಒಂದು ತಿಂಗಳ ಗೋಳು.

ನಾನೇ ತೆಗೆಯುತ್ತೇನೆ. ತೀರ್ಮಾನ.

೨೦ ಜನವರಿ, ಕೋಲಾರ ಸ್ಟೇಷನ್, ಮಧ್ಯಾಹ್ನ ೩

ಸಣ್ಣ ರೈಲು ತಡ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಪೊಟ್ಟಣ ಮಡಿಲಲ್ಲಿದೆ.

ದೊಡ್ಡಪೇಟೆಯಲ್ಲಿ ನಜೀರ್ ಅಹಮದನ ಅಂಗಡಿಗೆ ಹೋಗಿದ್ದೆ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ನಾನು ಅರ್ಧಕ್ಕೆ ಬಿಟ್ಟೆ, ಅವನೂ ಬಿಟ್ಟ. ನಾನು ಖಾದಿ ಉಟ್ಟೆ, ಅವನು ಸೋಪು, ಬಾಚಣಿಗೆ, ಬಳೆ ಮಾರುತ್ತಾನೆ.

"ಹೊಸಬರಿಗೆ ಸೇಫ್ಟಿ ರೇಜರ್ರೇ ಸರಿ ಕಣೋ," ಅಂದ. ಡಬ್ಬಿ ತೆಗೆದು ತೋರಿಸಿದ. ಪುಟ್ಟ ಗುದ್ದಲಿಯ ಹಾಗೆ ಇದೆ, ಬ್ಲೇಡು ಒಳಗೆ ಅಡಗಿರುತ್ತದೆ. "ಕೊಯ್ಕೋಬೇಕು ಅಂತ ಹೋದ್ರೂ ಜಾಸ್ತಿ ಕೊಯ್ಯಲ್ಲ."

"ಎಲ್ಲಿಯದು?"

"ವಿಲಾಯ್ತಿ."

"ಬೇಡ."

"ಇದು ಜರ್ಮನಿ."

"ಬೇಡ."

"ಇದು ಅಮೆರಿಕಾದ್ದಪ್ಪ. ಅವರ ಮೇಲೂ ಕೋಪಾನಾ?"

"ಪರದೇಶಿ ಪರದೇಶಿಯೇ."

"ಹಂಗಾದ್ರೆ ಗಡ್ಡ ಬಿಡು ಭಾಯಿ. ಅದು ಪೂರಾ ಸ್ವದೇಶಿ."

ಬ್ರಷ್ಷಿನ ಸರದಿ. ಹಂದಿ ಕೂದಲಿನದು ಬೇಕಾದರೆ ಬೇರೆ ಅಂಗಡಿ ನೋಡಿಕೋ, ನನ್ನ ಹತ್ತಿರ ಇರುವುದು ಕುದುರೆ ಬಾಲದ್ದು ಅಂದ. ಯಾವ ದೇಶದ ಕುದುರೆ ಎಂದು ಕೇಳಿದೆ. ನಿಜವಾಗಿ ಕೇಳಿದೆ! ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟು ನಕ್ಕ. "ಬೆಂಗಳೂರು ದಂಡಿನ ಕುದುರೆ. ಬೆನ್ನು ಇಂಗ್ಲಿಷರದು, ಬಾಲ ಮಾತ್ರ ನಮ್ದು."

ತೆಗೆದುಕೊಂಡೆ. ಬೆಂಗಳೂರಿನಲ್ಲೇ ಮಾಡಿದ ಸೋಪು, ಗಂಧದ ವಾಸನೆ. ಕೊಯ್ದರೆ ಉಜ್ಜಲು ಪಟಿಕದ ಗಡ್ಡೆ. ಕೊನೆಗೆ ಕೆಳಗಿನ ಡ್ರಾಯರಿನಿಂದ ಒಂದು ಮಡಿಸುವ ಕತ್ತಿ — ಕೊಂಬಿನ ಹಿಡಿ, ನಮ್ಮ ದೇಶದ ಕಮ್ಮಾರನೊಬ್ಬ ಬಡಿದದ್ದು. ನನ್ನ ಕಣ್ಣು ಅದರ ಮೇಲೆಯೇ ನಿಂತಿತು.

"ಇದು ಪಳಗಿದ ಕೈಗೆ. ನಿನಗಲ್ಲ."

"ನನಗಲ್ಲ, ಅಪ್ಪನಿಗೆ."

ನಗು ನಿಲ್ಲಿಸಿದ. ಎಲ್ಲ ಕೇಳಿಕೊಂಡ. ಪೊಟ್ಟಣ ಕಟ್ಟುತ್ತ, "ಮೊದಲು ನಿನ್ನ ಮುಖದ ಮೇಲೆ ಕಲಿ," ಅಂದ. "ಅಪ್ಪನ ಮುಖ ಒಂದೇ ಇರೋದು."

೨೨ ಜನವರಿ, ಭಾನುವಾರ

ಕಲಿತೆ.

ದನದ ಕೊಟ್ಟಿಗೆ. ಕಿಟಕಿಯಲ್ಲಿ ಕನ್ನಡಿ. ನೊರೆ ಚೆನ್ನಾಗಿಯೇ ಬಂತು. ಬಲಗೆನ್ನೆ ಒಂದಷ್ಟು ಆಯಿತು, ರಕ್ತ ಮೂರು ಕಡೆ. ಎಡಗೆನ್ನೆಗೆ ಕೈ ತಿರುಗಲಿಲ್ಲ. ಎಮ್ಮೆ ಹಿಂದಿನಿಂದ ಮೂಸಿತು. ಬೆಚ್ಚಿದೆ. ಮೀಸೆಯ ಎಡಭಾಗ ಹೋಯಿತು.

ಅರ್ಧ ಮೀಸೆ ಇಟ್ಟುಕೊಂಡು ಹೇಗೆ ತಿರುಗುವುದು? ಉಳಿದರ್ಧವನ್ನೂ ತೆಗೆದೆ.

ಅಮ್ಮ ನೋಡಿ ಕೈಯಲ್ಲಿದ್ದ ಮೊರ ಬಿಟ್ಟಳು. "ಅಪ್ಪ ಮನೇಲಿ ಗುಂಡುಕಲ್ಲಿನ ಹಂಗೆ ಕೂತಿರೋವಾಗ ಮೀಸೆ ತೆಗೀತಾರೇನೋ ಪಾಪಿ!"

ನಮ್ಮ ಕಡೆ ಅಪ್ಪ ತೀರಿಕೊಂಡಾಗಲೇ ಮಗನ ಮೀಸೆ ಹೋಗುವುದು. ಮೂಢನಂಬಿಕೆ ಎಂದೆ, ಜೋರಾಗಿಯೇ. ಆದರೆ ಕನ್ನಡಿಯಲ್ಲಿ ಆ ಬೋಳು ತುಟಿ ಕಂಡದ್ದೇ ಕತ್ತಿ ಕೆಳಗಿಟ್ಟೆ. ನಡುಮನೆಗೆ ಹೋಗಿ ಇಣುಕಿದೆ. ಅಪ್ಪ ಗೋಡೆ ಕಡೆ ತಿರುಗಿ ಮಲಗಿದ್ದರು. ಬೆನ್ನು ಏರಿಳಿಯುವುದು ಕಾಣುವವರೆಗೂ ಅಲ್ಲೇ ನಿಂತಿದ್ದೆ.

೨೩ ಜನವರಿ, ಸೋಮವಾರ

ಬೆಳಿಗ್ಗೆ ಸೀಮೆಎಣ್ಣೆಗೆಂದು ಗೌನಿಪಲ್ಲಿಗೆ ನಡೆದೆ. ಅಂಗಡಿಯ ಶೆಟ್ಟರು ನನ್ನ ತುಟಿಯನ್ನೇ ನೋಡಿದರು. ದನಿ ತಗ್ಗಿಸಿದರು.

"ಏಮಪ್ಪಾ ಸೀನಪ್ಪಾ... ಅಪ್ಪ ಹೋದ್ರಾ?"

ಮುಳಬಾಗಿಲಿನ ವಿಷಯ ಇವರಿಗೂ ಗೊತ್ತಿದೆಯಲ್ಲ ಎಂದುಕೊಂಡೆ. "ಇನ್ನೂ ಇಲ್ಲ ಶೆಟ್ರೇ. ಹುಣ್ಣಿಮೆಯೊಳಗೆ ಹೋಗ್ತಾರೆ. ನಾನೇ ಎಲ್ಲಾ ತಯಾರಿ ಮಾಡ್ತಿದೀನಿ."

ಶೆಟ್ಟರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಬುಡ್ಡಿ ತುಂಬಿಸಿಕೊಂಡು ಬಂದೆ. ನನಗೆ ಏನೂ ಹೊಳೆಯಲಿಲ್ಲ. ದಡ್ಡ.

ಅಪ್ಪ ವಾರದಿಂದ ಯಾರ ಕಣ್ಣಿಗೂ ಬಿದ್ದಿಲ್ಲ. ಮಗನ ಮೀಸೆ ಇಲ್ಲ. ಬಹಿಷ್ಕಾರದ ಮನೆ, ಹೊರಲು ಯಾರೂ ಬರುವುದಿಲ್ಲವೆಂದು ಹೆಣ ಮುಚ್ಚಿಟ್ಟಿದ್ದಾರೆ — ಊಟದ ಹೊತ್ತಿಗೆ ಊರೆಲ್ಲ ಇದೇ ಮಾತಂತೆ.

ಮೊದಲು ಬಂದವನು ನರಸಿಂಹಪ್ಪ. ಕತ್ತಿ, ಕನ್ನಡಿಯ ಹಡಪ ಕಂಕುಳಲ್ಲಿ. ಕಟ್ಟು ಮುರಿದು ನೇರ ಅಂಗಳಕ್ಕೆ ನುಗ್ಗಿ ಎದೆ ಬಡಿದುಕೊಂಡ. "ನನ್ನ ಕೈಲಿ ಕೊನೇ ಸಲ ಮುಖ ಮಾಡಿಸ್ಕೊಳ್ದೆ ಹೊಂಟೋದ್ರಾ ಗೌಡ್ರೇ!" ಅವನ ಹಿಂದೆ ಬೇಲಿಯಾಚೆ ಅರ್ಧ ಊರು. ಅಶ್ವತ್ಥಪ್ಪನೂ.

ಅಪ್ಪ ಬಾಗಿಲಿಗೆ ಬಂದರು. ಆ ಗಡ್ಡದಲ್ಲೇ.

"ಯಾರೋ ಸತ್ತಿದ್ದು?"

ನರಸಿಂಹಪ್ಪ ನಿಂತಲ್ಲೇ ಕುಸಿದು ಕೂತ. "ನೀವೇ ಗೌಡ್ರೇ!"

"ನಾನಾ? ನನಗೆ ಯಾರೂ ಹೇಳ್ಲೇ ಇಲ್ವಲ್ಲೋ."

ಬೇಲಿಯ ಕಡೆಯಿಂದ ಯಾರೋ ಕಿಸಕ್ಕೆಂದರು. ಅಪ್ಪ ನಗಲು ಶುರು ಮಾಡಿದರು. ಕೆಮ್ಮು ಬರುವವರೆಗೆ, ಕಣ್ಣಲ್ಲಿ ನೀರು ಬರುವವರೆಗೆ. ನನ್ನ ತುಟಿ ನೋಡಿ ಮತ್ತೆ ನಕ್ಕರು.

ನರಸಿಂಹಪ್ಪ ಮೂಗು ಒರೆಸಿಕೊಂಡ. "ಹೆಂಗೂ ಹಡಪ ತಂದಿದೀನಿ. ಕೂತ್ಕೊಳ್ಳಿ ಗೌಡ್ರೇ. ಏನಾಗುತ್ತೋ ಆಗ್ಲಿ."

ಅಶ್ವತ್ಥಪ್ಪ ಕೆಮ್ಮಿದ. ಹಡಪದ ಮೇಲೆ ನರಸಿಂಹಪ್ಪನ ಕೈ ನಿಂತುಬಿಟ್ಟಿತು. ಅಪ್ಪ ಅದನ್ನು ನೋಡಿದರು.

"ಬೇಡ ನರಸಿಂಹ. ನಿನ್ನ ಮನೇಲಿ ಮಕ್ಕಳಿದಾವೆ. ನನಗೆ ಮಗ ಇದಾನೆ, ತೆಗೀತಾನೆ."

"ವೆಂಕಟಪ್ಪಾ," ಅಂದ ಅಶ್ವತ್ಥಪ್ಪ, ಬೇಲಿಯಾಚೆಯಿಂದಲೇ. "ಎರಡು ಸಲ ಹೇಳಿ ಕಳಿಸಿದೆ. ಮಗ ತಿಳೀದೆ ಮಾಡ್ದ ಅಂತ ಒಂದು ಮಾತು ಹೇಳ್ಬಿಡು. ಅಲ್ಲಿಗೆ ಮುಗೀತದೆ."

"ತಿಳಿದೇ ಮಾಡಿದಾನಲ್ಲಪ್ಪ. ಸುಳ್ಳು ಹೇಗೆ ಹೇಳ್ಲಿ?"

ಎರಡು ಸಲ. ನನಗೆ ಗೊತ್ತೇ ಇರಲಿಲ್ಲ. ನನ್ನಿಂದ ನಾಚಿಕೆಯಾಗಿ ಗೋಡೆ ಕಡೆ ತಿರುಗಿದ್ದಾರೆ ಎಂದುಕೊಂಡಿದ್ದೆ.

ಕೊಟ್ಟಿಗೆಗೆ ಹೋಗಿ ಎಮ್ಮೆಯ ಕುತ್ತಿಗೆಗೆ ಮುಖವಿಟ್ಟು... ಇರಲಿ. ಅದನ್ನು ಬರೆಯುವುದಿಲ್ಲ.

೨೫ ಜನವರಿ

ಮತ್ತೆ ಕೋಲಾರ. ಮಡಿಸುವ ಕತ್ತಿಯನ್ನು ನಜೀರನ ಮುಂದಿಟ್ಟೆ. "ಆ ಡಬ್ಬಿ ಕೊಡು."

ಅವನು ನನ್ನ ತುಟಿ ನೋಡಿದ, ಕೆನ್ನೆಯ ಗಾಯ ನೋಡಿದ. ಒಂದು ತಮಾಷೆಯೂ ಮಾಡಲಿಲ್ಲ. ಸೇಫ್ಟಿ ರೇಜರ್ ಒರೆಸಿ ಕೊಟ್ಟ. ಬ್ಲೇಡು ಹಾಕುವುದು, ತಿರುಪು ಬಿಗಿ ಮಾಡುವುದು, ಹಿಡಿ ಎಷ್ಟು ಓರೆ ಇರಬೇಕು — ಎಲ್ಲ ತೋರಿಸಿದ. "ಒತ್ತಬೇಡ. ಅದರ ಭಾರಕ್ಕೆ ಅದೇ ಹೋಗ್ಲಿ."

ವಿಲಾಯ್ತಿ ಉಕ್ಕು. ವಾಪಸು ಬರುವಾಗ ರೈಲಿನಲ್ಲಿ ಕರಪತ್ರ ತೆಗೆದು ಮತ್ತೆ ಓದಿದೆ. ಪರದೇಶಿ ವಸ್ತು ಮುಟ್ಟುವ ಕೈ ಗುಲಾಮನ ಕೈ ಎಂದಿದೆ. ಬರೆದವನು ಅಪ್ಪನ ಗಂಟಲಿನ ಮೇಲೆ ಕತ್ತಿ ಹಿಡಿದಿರಲಿಕ್ಕಿಲ್ಲ. ಸ್ವದೇಶಿ ಬ್ಲೇಡು ಬಂದ ದಿನ ಇದನ್ನು ಬಾವಿಗೆಸೆಯುತ್ತೇನೆ. ಅಲ್ಲಿಯವರೆಗೆ ಗುಲಾಮನ ಕೈ ಎಂದೇ ಇಟ್ಟುಕೊಳ್ಳಲಿ.

ಕೈ ಪಳಗಬೇಕು. ಇವತ್ತಿನಿಂದ ದಿನಾ ನನ್ನ ಮುಖವೇ ಪಾಠಶಾಲೆ.

೧ ಫೆಬ್ರವರಿ, ಬುಧವಾರ, ಬೆಳಿಗ್ಗೆ

ಅರ್ಧ ಆಗಿದೆ. ನೀರು ಆರಿಹೋಯಿತು. ಅಮ್ಮ ಮತ್ತೆ ಕಾಯಿಸುತ್ತಿದ್ದಾಳೆ. ಅಷ್ಟರವರೆಗೆ ಒಳಗೆ ಬಂದು ಬರೆಯಲು ಕೂತೆ.

ಅಪ್ಪ ನಾಳೆ ಮುಳಬಾಗಿಲಿಗೆ ಹೊರಡುತ್ತಾರೆ. ನಾನು ಹಿತ್ತಲಲ್ಲಿ ಮಣೆ ಹಾಕಿದ್ದೆ. ಅಪ್ಪ ಅದನ್ನೆತ್ತಿಕೊಂಡು ಬೀದಿ ಕಡೆಯ ಜಗಲಿಗೆ ನಡೆದರು. "ಇಲ್ಲಿ ಬೆಳಕು ಚೆನ್ನಾಗಿದೆ," ಅಂದರು.

ಉದ್ದ ಕೂದಲನ್ನು ಮೊದಲು ಕತ್ತರಿಯಲ್ಲಿ ತೆಗೆದೆ. ಬಿಸಿಬಟ್ಟೆ ಒತ್ತಿದೆ. ಅಪ್ಪನ ಮುಖ ಇಷ್ಟು ಹತ್ತಿರದಿಂದ ನೋಡಿದ್ದು ಯಾವಾಗಲೋ. ಕಿವಿಯ ಹತ್ತಿರ ಒಂದು ಹಳೆಯ ಕಲೆ. ಇದು ಯಾವಾಗಿನದು ಎಂದು ಕೇಳಿದೆ.

"ನೀನು ಮಗುವಾಗಿದ್ದಾಗ ಪರಚಿದ್ದು. ಆವಾಗ್ಲೇ ಗೊತ್ತಾಗಬೇಕಿತ್ತು."

ಮೊದಲ ಸಲ ಎಳೆದಾಗ ಉಸಿರು ಬಿಟ್ಟಿರಲಿಲ್ಲ. ನಾನು. ಅವರು ಆರಾಮಾಗಿದ್ದರು. ನೊರೆಯ ಕೆಳಗಿನಿಂದ ಕೆನ್ನೆ ಬಂತು, ಒಂದು ತಿಂಗಳಿನಿಂದ ಕಾಣದ ಕೆನ್ನೆ. ಎಷ್ಟು ಒಳಗೆ ಹೋಗಿದೆ. ಇಷ್ಟು ಸೊರಗಿದ್ದಾರೆಂದು ಗಡ್ಡ ತೋರಿಸಿರಲಿಲ್ಲ. ಒಂದು ಕಡೆ ಸಣ್ಣಗೆ ಕೊಯ್ದೆ. "ಅಯ್ಯೋ" ಅಂದದ್ದು ನಾನೇ. ಪಟಿಕ ಒತ್ತಿದೆ. ಉರಿಯಿತೇನೋ, ಕಣ್ಣು ಕಿರಿದು ಮಾಡಿ, "ನರಸಿಂಹನೂ ಮೊದಮೊದಲು ಕೊಯ್ದಿದ್ದ ಬಿಡು," ಅಂದರು.

ಬೀದಿಯಲ್ಲಿ ಹೋಗುವವರೆಲ್ಲ ನಿಲ್ಲುತ್ತಿದ್ದರು. ಈಗ ಅಶ್ವತ್ಥಪ್ಪನ ದನಿ ಕೇಳುತ್ತಿದೆ, ಏನೋ ಹೇಳಿದ. ಅಪ್ಪನ ಉತ್ತರ ಇಲ್ಲಿಗೂ ಕೇಳಿಸುತ್ತದೆ:

"ಇನ್ನೊಂದು ಕೆನ್ನೆ ಬಾಕಿ ಇದೆ ಅಶ್ವತ್ಥಪ್ಪ. ಕೂತು ನೋಡ್ಕೊಂಡು ಹೋಗು."

ಅರ್ಧ ನೊರೆ, ಅರ್ಧ ನುಣುಪು ಮುಖದಲ್ಲಿ ಹೇಳಿದ್ದು!

ನೀರು ಕಾದಿದೆ ಎಂದು ಅಮ್ಮ ಕೂಗಿದಳು. ಆ ಕೆನ್ನೆ ಆದ ಮೇಲೆ ಗಂಟಲು. ಅಲ್ಲಿ ಚರ್ಮ ಸಡಿಲ, ನರ ಮಿಡಿಯುವುದು ಕಣ್ಣಿಗೇ ಕಾಣುತ್ತದೆ. ಅದಕ್ಕೆ ಹೆದರಿಯೇ ಒಳಗೆ ಬಂದದ್ದು. ಬಾಗಿಲಿನಿಂದ ಇಣುಕಿದೆ — ಅಪ್ಪ ಆಗಲೇ ಕಣ್ಣು ಮುಚ್ಚಿ, ತಲೆಯನ್ನು ಕಂಬಕ್ಕೆ ಒರಗಿಸಿ, ಗಂಟಲು ಪೂರ್ತಿ ಮೇಲೆತ್ತಿ ಕೂತಿದ್ದಾರೆ. ಕಾಯುತ್ತಿದ್ದಾರೆ. ನನ್ನ ಕೈಗೆ. ಹೋಗಿ ಮುಗಿಸಿ ಬರುತ್ತೇನೆ.