ಹುಡುಕಿಕೊಡುವ ಪುಟ

12 ಫೆಬ್ರವರಿ 2007, ಬೆಳಿಗ್ಗೆ

ಸರ್ವರ್ ಮತ್ತೆ ಡೌನ್. ಹೋಸ್ಟಿಂಗ್‌ನವರ ಜೊತೆ ಮಾತಾಡಿ ಗಂಟಲು ಒಣಗಿತು. ಪ್ರೇಮ್ ಕುಮಾರ್ ತಿರುಪ್ಪೂರಿನ ಬಸ್ಸಿಳಿದು ಬರುವಷ್ಟರಲ್ಲಿ ಸರಿಹೋಯಿತು. ಕಾಲೇಜು ಮುಗಿಸಿ ಇಬ್ಬರೂ ಸೇರಿ ಕೊಯಮತ್ತೂರಿನ ಶರವಣಂಪಟ್ಟಿಯ ಈ ಮಹಡಿ ಕೋಣೆಯಲ್ಲಿ ‘ನಮ್ಮಾಳು’ ವೆಬ್‌ಸೈಟ್ ಶುರು ಮಾಡಿದ್ದು ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಟೈಲರ್‌ಗಳನ್ನು ಒದಗಿಸಲಿಕ್ಕೆ. ಆ ಕೆಲಸದ ಪುಟವನ್ನು ಯಾರೂ ನೋಡುವುದಿಲ್ಲ. ಸುಮ್ಮನೆ ಸೇರಿಸಿದ್ದ ‘ಎಲ್ಲಿದ್ದೀರಿ?’ ಪುಟಕ್ಕೇ ಜನ. ತಿರುಪ್ಪೂರಿಗೆ ದುಡಿಯಲು ಬಂದು ಸುದ್ದಿಯಿಲ್ಲದವರ ಫೋಟೊವನ್ನು ಮನೆಯವರು ಹಾಕುತ್ತಾರೆ, ಕಂಡವರು ವಿಳಾಸ ಬರೆಯುತ್ತಾರೆ.

ಹಾಗಾದರೆ ನಮ್ಮ ಬಿಸಿನೆಸ್ ಯಾವುದು? ಗೊತ್ತಿಲ್ಲ.

19 ಫೆಬ್ರವರಿ

ಆನೈಮಲೈ ಕಡೆಯ ಕರುಪ್ಪುಸಾಮಿ ಬಂದಿದ್ದರು. ತೆಂಗಿನ ತೋಟದವರು, ನನ್ನಂತೆ ಮನೆಮಾತು ಕನ್ನಡ. ಅವರ ತಂಗಿ ಗೋಕಿಲಾಳ ಫೋಟೊ ನಾನೇ ಸ್ಕ್ಯಾನ್ ಮಾಡಿ ಹಾಕಿದ್ದೆ — ‘ಅವ್ವ ಹಾಸಿಗೆ ಹಿಡಿದಿದ್ದಾಳೆ, ಬೇಗ ಬಾ’ ಎಂದು. ಆಕೆ ಕೆಲಸ ಮಾಡುವ ಕಂಪನಿಯ ಹೆಸರನ್ನು ಯಾರೋ ಬರೆದಿದ್ದಾರೆ.

“ತಂಗಚ್ಚಿ ಇರೋ ಜಾಗ ತಿಳೀತಮ್ಮಾ. ನಾಳೆ ಹೋಗಿ ಕರ್ಕೊಂಡ್ ಬತ್ತೀನಿ. ನೀವು ದೇವ್ರ ಹಂಗೆ.” ಎಳನೀರಿನ ಗೊನೆ ಇಳಿಸಿ ಹೋದರು.

ನಮ್ಮಲ್ಲಿ ಹಣ ಹೂಡುವ ಯೋಚನೆಯಲ್ಲಿರುವ ಬೆಂಗಳೂರಿನ ಅನಂತರಾಮ್ ಸರ್‌ಗೆ ಫೋನಿನಲ್ಲಿ ಹೇಳಿದೆ. “ಚೈತನ್ಯಾ, ಇದೇ ನಿಮ್ಮ ಕಥೆ. ಫಸ್ಟ್ ಪೇಜಿಗೆ ಹಾಕಿ. ಜಾಬ್ಸ್ ಬಿಟ್ಟುಬಿಡಿ.”

ಹಾಕಿದೆವು. ಕಾಲೇಜಿನಲ್ಲಿ ಕಂಡ ಕನಸು ಇದೇ ಇರಬೇಕು...

9 ಮಾರ್ಚ್

ಗೋಕಿಲಾ ಬಂದಳು. ಫೋಟೊಗಿಂತ ಸಣಕಲು. ಕೂರಲು ಹೇಳಿದರೂ ಕೂರಲಿಲ್ಲ.

“ಸೈಟಿಂದ ನನ್ ಫೋಟೊ ತೆಗ್ದಾಕಿ ಅಕ್ಕಾ.”

ತಾಯಿ ಹೇಗಿದ್ದಾರೆ ಎಂದು ಕೇಳಿದೆ.

“ಅವ್ವ ಸತ್ತು ಮೂರು ವರ್ಷ ಆಯ್ತು.”

ನನಗೆ ಅರ್ಥವೇ ಆಗಲಿಲ್ಲ. ಅವಳೇ ಹೇಳಿದಳು. ಅಕ್ಕ ತೀರಿಕೊಂಡ ಮೇಲೆ ಭಾವನಿಗೇ ಇವಳನ್ನು ಕೊಡಲು ನಿಶ್ಚಯಿಸಿದ್ದರು. ಒಪ್ಪದೆ ಮನೆ ಬಿಟ್ಟಳು. ಹೊಲಿಗೆ ಕಲಿತು, ಸೂಪರ್‌ವೈಸರ್ ಆಗುವುದರಲ್ಲಿದ್ದಳು. ಅಣ್ಣ ಜನ ಕಟ್ಟಿಕೊಂಡು ಗೇಟಿಗೆ ಬಂದ. ಜೊತೆಯ ಹುಡುಗಿಯರು ಹಿಂಬಾಗಿಲಿನಿಂದ ಕಳಿಸಿದರು. ಕೆಲಸ ಹೋಯಿತು, ಹಾಸ್ಟೆಲೂ ಹೋಯಿತು. ಈಗೆಲ್ಲಿದ್ದೀಯ ಎಂದೆ. ಬಾಗಿಲ ಕಡೆ ಒಂದು ಹೆಜ್ಜೆ ಸರಿದಳು. ಕೇಳಬಾರದಿತ್ತು.

“ಕಾಣದೆ ಹೋದೆ ಅಂತ ಬರ್ದಿದೀರಲ್ಲ. ನಾನು ಕಾಣದೆ ಹೋಗ್ಲಿಲ್ಲ ಅಕ್ಕಾ. ಬಂದೆ, ಅಷ್ಟೇ.”

ಆತ ಕನ್ನಡ ಮಾತಾಡಿದ ಎಂದು ನಂಬಿದೆನೆ? ಇಲ್ಲ, ತಾಯಿಯ ಹೆಸರೆತ್ತಿದ ಎಂದು ನಂಬಿದೆನೆ?

ಫೋಟೊ ತೆಗೆದುಹಾಕಿದೆ. ಆಮೇಲೆ ಆ ಪುಟವನ್ನೇ ಮುಚ್ಚಿದೆ. ಪ್ರೇಮ್‌ನನ್ನು ಕೇಳಲಿಲ್ಲ.

10 ಮಾರ್ಚ್

ಪ್ರೇಮ್‌ಗೆ ಇಷ್ಟು ಸಿಟ್ಟು ಬಂದದ್ದು ನೋಡಿರಲಿಲ್ಲ. “ಒಬ್ಳಿಗೋಸ್ಕರ ಮುಚ್ಚಿಬಿಡ್ತೀಯಾ? ಮಿಕ್ಕೋರು ಎಲ್ಲಿ ಹೋಗಿ ಅಳ್ಬೇಕು?”

ಮಧ್ಯಾಹ್ನ ಪಕ್ಕದ ಬೀದಿಯಲ್ಲಿ ಹೂ ಕಟ್ಟುವ ಬೆಳ್ಳಿಯಮ್ಮ ಬಂದರು. ಅವರೂ ಕನ್ನಡದವರೇ. ಮಗ ಮಾಯಣ್ಣ ಜಗಳವಾಡಿ ಹೋದವನು ತಿರುಗಿ ಬಂದಿಲ್ಲ. ಫೋಟೊ ಹಾಕಿಸಲು ಹೋದರೆ ಬ್ರೌಸಿಂಗ್ ಸೆಂಟರಿನವರು ಪುಟವೇ ಇಲ್ಲ ಎಂದರಂತೆ.

“ಅವ್ನು ಸಿಗ್ದಿದ್ರೂ ಪರವಾಗಿಲ್ಲಮ್ಮಾ. ನಾನು ಹುಡುಕ್ತಿದೀನಿ ಅನ್ನೋದು ಅವ್ನಿಗೆ ಹೆಂಗೆ ತಿಳಿಯೋದು?”

ಪ್ರೇಮ್ ನನ್ನನ್ನೇ ನೋಡುತ್ತಿದ್ದ.

13 ಮಾರ್ಚ್

ಒಂದು ದಾರಿ ಹೊಳೆದಿದೆ. ಪುಟ ತೆರೆಯುವುದು, ಆದರೆ ಫೋಟೊ ಬೇಡ. ಬೇರೆಯವರು ವಿಳಾಸ ಬರೆಯುವಂತಿಲ್ಲ. ಹೆಸರು, ಮನೆಯವರ ಮಾತು ಮಾತ್ರ ಇರುತ್ತವೆ. ಮನಸ್ಸಿದ್ದರೆ ಮನೆ ಬಿಟ್ಟು ಹೋದವರೇ ನಮಗೆ ಉತ್ತರ ಕಳಿಸಲಿ. ಅವರು ಒಪ್ಪದೆ ಅವರಿರುವ ಜಾಗವನ್ನು ನಾವು ಯಾರಿಗೂ ಹೇಳುವುದಿಲ್ಲ. ಪ್ರೇಮ್ ಅರೆಮನಸ್ಸಿನಿಂದ ಒಪ್ಪಿದ. ಬೆಳ್ಳಿಯಮ್ಮನ ಮಾತನ್ನೇ ಮೊದಲು ಹಾಕಿದ.

ಅನಂತರಾಮ್ ಸರ್ ಒಪ್ಪಲಿಲ್ಲ. “ಹುಡುಕಿಕೊಡದ ಸೈಟಿಗೆ ಯಾರು ಬರ್ತಾರೆ? ವ್ಯಾಲ್ಯೂ ಎಲ್ಲಿದೆ?” ಹೂಡಿಕೆಯ ಮಾತು ಅಲ್ಲಿಗೆ ನಿಂತಿತು.

ಅವರು ಹೇಳಿದ್ದು ತಪ್ಪೆಂದೂ ಅನಿಸುತ್ತಿಲ್ಲ. ಯಾರು ಸರಿ? ತಲೆಯೆಲ್ಲ ಗೋಜಲು.

21 ಮಾರ್ಚ್, ಸಂಜೆ

ಮಾಯಣ್ಣನ ಉತ್ತರ ಬಂದಿದೆ.

‘ಚೆನ್ನಾಗಿದೀನಿ. ಅವ್ವ ಮಾತ್ರೆ ತಗೋತಾಳಾ ಕೇಳಿ. ನಾನಿರೋ ಜಾಗ ಹೇಳ್ಬೇಡಿ. ಈಗ ಬರೋಕಾಗಲ್ಲ.’ ಕೆಳಗೊಂದು ಲ್ಯಾಂಡ್‌ಲೈನ್ ನಂಬರ್, ನಮಗೆ ಮಾತ್ರ ಎಂದು. ಕೋಡ್ ಕೊಯಮತ್ತೂರಿನದೇ. ಬಸ್ಸಿನಲ್ಲಿ ಹೋದರೆ ಅರ್ಧ ಗಂಟೆಯ ದಾರಿಯಲ್ಲಿದ್ದಾನೆ.

ಪ್ರೇಮ್ ಎರಡು ಸಲ ಓದಿದ. “ನೀನೇ ಮಾಡಿದ ರೂಲು” ಎಂದ. ಚುಚ್ಚಿದ್ದಲ್ಲ. ಏನು ಮಾಡಬೇಕೆಂದು ಅವನಿಗೂ ಗೊತ್ತಾಗುತ್ತಿಲ್ಲ.

ಬೆಳ್ಳಿಯಮ್ಮ ಮೆಟ್ಟಿಲು ಹತ್ತುತ್ತಿದ್ದಾರೆ. ಮಗ ಚೆನ್ನಾಗಿದ್ದಾನೆ ಎನ್ನುತ್ತೇನೆ. ಮಾತ್ರೆಯ ವಿಷಯ ಕೇಳುತ್ತೇನೆ. ಎಲ್ಲಿದ್ದಾನೆ ಎಂದು ಅವರು ಕೇಳಿದರೆ—